ಕಳೆದುಹೋಗುವ ದಿನಗಳನ್ನು ಎಣಿಸುವವರು

ಎದೆಯಲ್ಲಿ ಗಂಟು ಕೈಗೆ ತಗುಲಿದ ದಿನ. ಅದನ್ನು ಮನೆಯವರಿಗೆ ಹೇಳಿದ ದಿನ. ಮೊದಲ ಸಲ ವೈದ್ಯರಿಗೆ ತೋರಿಸಿದ ದಿನ. ಗಂಟಿನ ತುಣುಕು ತೆಗೆದು ಬಯಾಪ್ಸಿ ಆದ ದಿನ. ರಿಪೋರ್ಟ್ ಕೈಗೆ ಬಂದ ದಿನ. ಚಿಕಿತ್ಸೆ ಶುರುವಾದ ದಿನ. ಈ ಆರು ತಾರೀಖುಗಳನ್ನು ಒಂದು ಹಾಳೆಯ ಮೇಲೆ ಒಂದರ ಕೆಳಗೊಂದು ಬರೆದು ನೋಡಿ. ಬಯಾಪ್ಸಿಗೆ ಹಿಡಿಯುವುದು ಹೆಚ್ಚೆಂದರೆ ಅರ್ಧ ಗಂಟೆ. ಲ್ಯಾಬಿನವರ ಕೆಲಸಕ್ಕೆ ಕೆಲವು ದಿನ, ವಿಶೇಷ ಪರೀಕ್ಷೆ ಬೇಕಾದರೆ ಒಂದೆರಡು ವಾರ. ಆದರೂ ಮೊದಲ ತಾರೀಖಿನಿಂದ ಕೊನೆಯದಕ್ಕೆ ಬರುವಷ್ಟರಲ್ಲಿ ಎಷ್ಟೋ ಜನಕ್ಕೆ ನಾಲ್ಕು ತಿಂಗಳು, ಆರು ತಿಂಗಳು ಆಗಿಹೋಗಿರುತ್ತದೆ. ಆ ದಿನಗಳೆಲ್ಲ ಎಲ್ಲಿ ಹೋದವು? ಹೆದರಿಕೆಯಲ್ಲಿ ಕೆಲವು ಹೋದವು. ಜೊತೆಗೆ ಬರುವವರಿಲ್ಲದೆ ಕೆಲವು. ರಿಪೋರ್ಟ್ ತಯಾರಾಗಿದ್ದರೂ ತರಲು ಯಾರೂ ಹೋಗದೆ ಕೆಲವು. ಯಾವ ಕೌಂಟರಿನಲ್ಲಿ ಕೇಳಬೇಕೆಂದು ತಿಳಿಯದೆ, ಸಂಜೆಯವರೆಗೆ ಕಾದು, ಸುಮ್ಮನೆ ಮನೆಗೆ ಬಂದದ್ದರಲ್ಲಿ ಕೆಲವು.

ಒಂದು ಪ್ರದೇಶ ಕ್ಯಾನ್ಸರ್ ವಿರುದ್ಧ ಹೋರಾಡುವುದೆಂದರೆ, ನನ್ನ ಮಟ್ಟಿಗೆ, ಈ ಕಳೆದುಹೋಗುವ ದಿನಗಳನ್ನು ಅಲ್ಲಿನ ಜನ ಸೇರಿ ಉಳಿಸಿಕೊಳ್ಳುವುದು. ಯಂತ್ರ, ಔಷಧಿ, ಶಸ್ತ್ರಚಿಕಿತ್ಸಕರು ಇಲ್ಲದ ಕಡೆ ಸ್ವಯಂಸೇವಕರು ಎಷ್ಟೇ ಓಡಾಡಿದರೂ ರೋಗ ಗುಣವಾಗುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವೆಲ್ಲ ಇರುವ ಕಡೆಯಲ್ಲೂ ಜನ ತಡವಾಗಿ ಬರುತ್ತಾರೆ, ಬಂದವರು ಅರ್ಧಕ್ಕೆ ಬಿಡುತ್ತಾರೆ. ಅದನ್ನು ಆಸ್ಪತ್ರೆ ತನ್ನ ಗೋಡೆಯೊಳಗೆ ಕೂತು ಸರಿಪಡಿಸಲಾರದು.

ವಿಶ್ವ ಆರೋಗ್ಯ ಸಂಸ್ಥೆ ಸ್ತನ ಕ್ಯಾನ್ಸರ್ ವಿಷಯದಲ್ಲಿ ದೇಶಗಳಿಗೆ ಹಾಕಿಕೊಟ್ಟ ಗುರಿಗಳು ಮೂರು. ಪತ್ತೆಯಾಗುವ ಕ್ಯಾನ್ಸರುಗಳಲ್ಲಿ ಶೇ. 60ಕ್ಕಿಂತ ಹೆಚ್ಚು ಮೊದಲ ಅಥವಾ ಎರಡನೇ ಹಂತದಲ್ಲೇ ಸಿಗಬೇಕು. ರೋಗಿ ಮೊದಲು ತೋರಿಸಿಕೊಂಡ 60 ದಿನದೊಳಗೆ ರೋಗ ಯಾವುದೆಂದು ಖಚಿತವಾಗಬೇಕು. ಶೇ. 80 ಮಂದಿ ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು. ಮೂರರಲ್ಲೂ ಹೊಸ ಔಷಧಿಯ ಮಾತಿಲ್ಲ. ಮೂರೂ ಕಾಲದ ಲೆಕ್ಕವೇ. ಏಳು ಬಗೆಯ ಕ್ಯಾನ್ಸರುಗಳ ಅಧ್ಯಯನಗಳನ್ನು ಒಟ್ಟುಹಾಕಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಏರುತ್ತದೆ ಎಂದು ಕಂಡುಬಂತು. ನಾಲ್ಕು ವಾರವೆಂದರೆ, ಒಂದು ರಿಪೋರ್ಟು ಯಾರದೋ ಮೇಜಿನ ಮೇಲೆ ಉಳಿದು, ಮುಂದಿನ ಅಪಾಯಿಂಟ್‌ಮೆಂಟ್ ಒಂದು ಸಲ ತಪ್ಪಿದರೆ ಸಾಕು, ಕಳೆದೇ ಹೋಗುವಷ್ಟು ಕಾಲ.

ಇದನ್ನು ಮೊದಲು ಸರಿಯಾಗಿ ಹಿಡಿದವರಲ್ಲಿ ನ್ಯೂಯಾರ್ಕಿನ ಶಸ್ತ್ರಚಿಕಿತ್ಸಕ ಹೆರಾಲ್ಡ್ ಫ್ರೀಮನ್ ಒಬ್ಬರು. ಹಾರ್ಲೆಮ್ ಆಸ್ಪತ್ರೆಗೆ ಬರುತ್ತಿದ್ದ ಬಡ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಸ್ತನ ಕ್ಯಾನ್ಸರ್, ಅವರು ಬರುವಷ್ಟರಲ್ಲೇ ಕೈಮೀರಿರುತ್ತಿತ್ತು. 1990ರಲ್ಲಿ ಅವರು ಅಲ್ಲಿ ಒಂದು ವ್ಯವಸ್ಥೆ ಶುರುಮಾಡಿದರು: ಪರೀಕ್ಷೆಯಲ್ಲಿ ಅನುಮಾನ ಕಂಡ ಪ್ರತಿಯೊಬ್ಬಳಿಗೂ ದಾರಿ ತೋರಿಸಲು ಒಬ್ಬ ವ್ಯಕ್ತಿ. ವೈದ್ಯರಲ್ಲ, ನರ್ಸ್ ಆಗಿರಲೇಬೇಕೆಂದೂ ಇಲ್ಲ. ಅದೇ ಸಮುದಾಯದ, ಅವರ ಮಾತು ಬಲ್ಲವರು. 1986ರವರೆಗಿನ ರೋಗಿಗಳಲ್ಲಿ ಐದು ವರ್ಷ ಬದುಕಿದವರು ಶೇ. 39. ಕಡಿಮೆ ಖರ್ಚಿನ ತಪಾಸಣೆಯೂ ಈ ಜೊತೆಗಾರರೂ ಬಂದ ಮೇಲೆ, 1995ರಿಂದ 2000ದವರೆಗಿನ ರೋಗಿಗಳಲ್ಲಿ ಅದು ಶೇ. 70 ಆಯಿತು. ನಡುವೆ ಔಷಧಿಗಳೂ ಸುಧಾರಿಸಿದ್ದವು, ಆ ಪಾಲನ್ನು ಬಿಡುವಂತಿಲ್ಲ. ಆದರೆ ಸುಧಾರಿಸಿದ ಔಷಧಿ ಹೊತ್ತಿಗೆ ಸರಿಯಾಗಿ ಬಂದವರಿಗೆ ತಾನೇ ಸಿಗುವುದು.

ಒಂದು ರಿಜಿಸ್ಟರು

ಈ ಕೆಲಸ ಶುರುಮಾಡುವ ಸ್ವಯಂಸೇವಕರ ಗುಂಪಿಗೆ ಬ್ಯಾನರಿಗಿಂತ ಮೊದಲು ಬೇಕಾದದ್ದು ಒಂದು ಗಟ್ಟಿ ರಟ್ಟಿನ ರಿಜಿಸ್ಟರು. ಒಬ್ಬ ರೋಗಿಗೆ ಒಂದು ಪುಟ. ಮೇಲೆ ಹೆಸರು, ವಯಸ್ಸು, ಆಸ್ಪತ್ರೆ ನಂಬರು, ಎರಡು ಫೋನ್ ನಂಬರು. ಎರಡನೆಯದು ಮನೆಯವರದ್ದಲ್ಲ, ಪಕ್ಕದ ಮನೆಯವರದ್ದು ಅಥವಾ ಬೇರೆ ಕಡೆ ಇರುವ ನೆಂಟರದ್ದು. ರೋಗಿಯ ಫೋನು ಬಂದ್ ಆಗುವುದು ಕಷ್ಟ ಹೆಚ್ಚಾದ ವಾರದಲ್ಲೇ, ಆಗ ಮನೆಯವರ ಫೋನೂ ಬಂದ್ ಆಗಿರುತ್ತದೆ. ಕೆಳಗೆ ನಾಲ್ಕೇ ಕಾಲಂ: ಮುಂದೆ ಆಗಬೇಕಾದ್ದು ಏನು, ಯಾವ ತಾರೀಖಿಗೆ, ಜೊತೆಗೆ ಹೋಗುವವರು ಯಾರು, ಆಯಿತೇ ಇಲ್ಲವೇ.

ನಿಜವಾದ ಕೆಲಸ ಇರುವುದು ಕೊನೆಯ ಕಾಲಂನಲ್ಲಿ. ಅದು ಖಾಲಿ ಉಳಿದರೆ ಅದೇ ದಿನ ಸಂಜೆ ಫೋನ್ ಹೋಗಬೇಕು. ಮರುದಿನ ಮಾಡಿದರೆ ಏನಾಗುತ್ತದೆ? ರೋಗಿ ಅಷ್ಟರಲ್ಲಿ ಮನಸ್ಸಿನಲ್ಲಿ ಒಂದು ನಿರ್ಧಾರಕ್ಕೆ ಬಂದಿರುತ್ತಾರೆ. "ಇನ್ನು ಹೋದರೆ ಬೈತಾರೆ, ಮುಂದಿನ ತಿಂಗಳು ನೋಡೋಣ" ಎಂಬ ಮಾತು ಒಂದು ರಾತ್ರಿಯಲ್ಲಿ ಗಟ್ಟಿಯಾಗುತ್ತದೆ. ಸಂಜೆಯೇ ಕೇಳಿದರೆ ಇನ್ನೂ ಬರೀ ಬಸ್ಸು ತಪ್ಪಿದ ಕಥೆಯಾಗಿರುತ್ತದೆ. ಕೇಳುವಾಗಲೂ "ಯಾಕೆ ಹೋಗಲಿಲ್ಲ" ಎನ್ನಬಾರದು. "ಇವತ್ತು ಏನು ತೊಂದರೆ ಆಯ್ತು, ನಾಳೆಗೆ ಏನು ಮಾಡೋಣ" ಎನ್ನಬೇಕು. ತರಬೇತಿಯಲ್ಲಿ ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿದರೂ ತಪ್ಪಲ್ಲ.

ಬಯಾಪ್ಸಿ ಮಾದರಿಯನ್ನು ಬೇರೆ ಊರಿನ ಲ್ಯಾಬಿಗೆ ಮುಟ್ಟಿಸುವ ಕೆಲಸ ಅನೇಕ ಕಡೆ ರೋಗಿಯ ಕಡೆಯವರ ಮೇಲೇ ಬೀಳುತ್ತದೆ. ಇಲ್ಲಿ ಆಗುವ ಎಡವಟ್ಟುಗಳಿಂದಲೇ ವಾರಗಟ್ಟಲೆ ಹೋಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಮಾದರಿ ಇರಬೇಕಾದ್ದು ಅಂಗಾಂಶ ಕೆಡದಂತೆ ಕಾಯುವ ಶೇ. 10ರ ಫಾರ್ಮಲಿನ್‌ನಲ್ಲಿ, ಸಲೈನ್‌ನಲ್ಲಲ್ಲ. ಸಲೈನ್‌ನಲ್ಲಿ ಇಟ್ಟರೆ ಅಂಗಾಂಶ ಕೊಳೆಯುತ್ತದೆ, ಇಡೀ ಬಯಾಪ್ಸಿ ಮತ್ತೆ ಮಾಡಬೇಕಾಗುತ್ತದೆ. ತುಣುಕಿನ ಗಾತ್ರದ ಹತ್ತು ಪಟ್ಟು ದ್ರಾವಣ ಇರಬೇಕು. ಸ್ತನದ ಮಾದರಿಯಾದರೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬಿದ್ದು, ಒಟ್ಟು 6ರಿಂದ 72 ಗಂಟೆ ಮಾತ್ರ ಅದರಲ್ಲಿರಬೇಕು. ಕಡಿಮೆಯಾದರೂ ಹೆಚ್ಚಾದರೂ ಗಡ್ಡೆ ಹಾರ್ಮೋನುಗಳಿಂದ ಬೆಳೆಯುತ್ತದೆಯೇ ಎಂದು ತಿಳಿಸುವ ಹಾರ್ಮೋನ್ ಗ್ರಾಹಿಗಳ ಪರೀಕ್ಷೆ ತಪ್ಪಾಗಬಹುದು, ಆ ಫಲಿತಾಂಶದ ಮೇಲೇ ಮುಂದಿನ ಔಷಧಿ ನಿಂತಿರುತ್ತದೆ. ಶನಿವಾರ ಮಧ್ಯಾಹ್ನ ತೆಗೆದ ಮಾದರಿ ಮಂಗಳವಾರ ಲ್ಯಾಬ್ ಮುಟ್ಟಿದರೆ ಆ ಮಿತಿ ದಾಟಿತೆಂದೇ ಲೆಕ್ಕ. ಸೀಸೆಯ ಮೈಮೇಲೆ (ಮುಚ್ಚಳದ ಮೇಲಲ್ಲ, ಮುಚ್ಚಳ ಬದಲಾಗುತ್ತದೆ) ಹೆಸರು, ಆಸ್ಪತ್ರೆ ನಂಬರು, ಯಾವ ಜಾಗದಿಂದ ತೆಗೆದದ್ದು, ತಾರೀಖು, ಗಂಟೆ ಬರೆದಿದೆಯೇ ಎಂದು ಒಯ್ಯುವವರು ಅಲ್ಲೇ ನಿಂತು ನೋಡಿಕೊಳ್ಳಬೇಕು. ರಿಪೋರ್ಟ್ ತರುವಾಗ ಮಾದರಿಯ ಸ್ಲೈಡು, ಅದನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳನ್ನು ಪಡೆಯುವುದು ಹೇಗೆಂದೂ ಕೇಳಿಕೊಂಡು ಬರಬೇಕು. ಇನ್ನೊಂದು ಆಸ್ಪತ್ರೆಗೆ ಹೋದಾಗ ಅವರು ಮೊದಲು ಕೇಳುವುದು ಅದನ್ನೇ.

ತಪಾಸಣಾ ಶಿಬಿರ: ದಿನ ಗೊತ್ತುಮಾಡುವ ಮೊದಲು

ಜಾಥಾ, ಓಟ, ಬಣ್ಣದ ರಿಬ್ಬನ್ನುಗಳಿಂದ ಜನಕ್ಕೆ ಕ್ಯಾನ್ಸರ್ ಹೆಸರು ಗೊತ್ತಾಗುತ್ತದೆ. ಅದಕ್ಕಿಂತ ಮುಂದೆ ಹೋಗಬೇಕಾದರೆ ಹೇಳಬೇಕಾದ್ದು ಬಹಳ ಸಣ್ಣದು, ಸ್ಪಷ್ಟವಾದದ್ದು. ಬಾಯಿಯ ಹುಣ್ಣು ಅಥವಾ ಧ್ವನಿ ಒಡೆದದ್ದು ಮೂರು ವಾರವಾದರೂ ಹೋಗಲಿಲ್ಲ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿತು, ಸ್ತನದಲ್ಲಿ ನೋವಿಲ್ಲದ ಗಂಟು, ಮಲದಲ್ಲಿ ರಕ್ತ, ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯಿತು. ಇವುಗಳಲ್ಲಿ ಯಾವುದಿದ್ದರೂ ಇಂಥ ಕಡೆ, ಇಂಥ ದಿನ, ಇವರನ್ನು ಕೇಳಿಕೊಂಡು ಹೋಗಿ. ವಿಳಾಸವಿಲ್ಲದ ಅರಿವು ಹೆದರಿಕೆಯನ್ನಷ್ಟೇ ಹುಟ್ಟಿಸುತ್ತದೆ.

ಶಿಬಿರ ಮಾಡಲು ಎಲ್ಲರಿಗೂ ಉತ್ಸಾಹವಿರುತ್ತದೆ, ಶಿಬಿರದ ಮರುದಿನದ ಬಗ್ಗೆ ಇರುವುದಿಲ್ಲ. 200 ಹೆಂಗಸರನ್ನು ಪರೀಕ್ಷಿಸಿ 10 ಜನರಲ್ಲಿ ಅನುಮಾನ ಕಂಡಿತೆಂದುಕೊಳ್ಳಿ. ಆ ಹತ್ತು ಜನಕ್ಕೆ ಮುಂದಿನ ಪರೀಕ್ಷೆ ಮಾಡುವವರು ಯಾರು, ಯಾವ ತಾರೀಖಿಗೆ, ಹೋಗಲು ಗಾಡಿ ಯಾವುದು ಎಂಬುದು ಶಿಬಿರದ ದಿನ ಗೊತ್ತುಮಾಡುವ ಮೊದಲೇ ಕಾಗದದ ಮೇಲೆ ಇರಬೇಕು. ಇಲ್ಲದಿದ್ದರೆ ಆ ಶಿಬಿರ ನಡೆಸಲೇಬಾರದು. ಇದು ಕಟುವೆನಿಸಬಹುದು. ಆದರೆ ಒಬ್ಬಳಿಗೆ ಅನುಮಾನ ಹುಟ್ಟಿಸಿ ಅವಳನ್ನು ಅಲ್ಲೇ ಬಿಟ್ಟುಬರುವುದಕ್ಕಿಂತ ಕ್ರೂರವಾದದ್ದು ಈ ಕೆಲಸದಲ್ಲಿ ಇನ್ನೊಂದಿಲ್ಲ. ಅವಳು ಸುಮ್ಮನಿರುವುದಿಲ್ಲ. ಹತ್ತು ಜನಕ್ಕೆ ಹೇಳುತ್ತಾಳೆ, ಮುಂದಿನ ಶಿಬಿರಕ್ಕೆ ಆ ಬೀದಿಯಿಂದ ಯಾರೂ ಬರುವುದಿಲ್ಲ.

ತರಬೇತಿ ಪಡೆದ ಸಾಮಾನ್ಯ ಜನ ಏನು ಮಾಡಬಲ್ಲರು ಎಂಬುದಕ್ಕೆ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ದೊಡ್ಡ ಅಧ್ಯಯನವೇ ಸಾಕ್ಷಿ. ಅಲ್ಲಿನ ಕೊಳೆಗೇರಿಗಳ ಸುಮಾರು 1,50,000 ಹೆಂಗಸರನ್ನು 1998ರಿಂದ 12 ವರ್ಷ ಹಿಂಬಾಲಿಸಿದರು. ಹತ್ತನೇ ತರಗತಿವರೆಗೆ ಓದಿದ ಮಹಿಳೆಯರಿಗೆ ಕೆಲವು ವಾರ ತರಬೇತಿ ಕೊಟ್ಟು, ಗರ್ಭಕೊರಳಿಗೆ ದುರ್ಬಲ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಬಿಟ್ಟು ಬಿಳಿ ಮಚ್ಚೆ ಏಳುತ್ತದೆಯೇ ನೋಡುವ ಪರೀಕ್ಷೆಯನ್ನು ಅವರಿಂದಲೇ ಮಾಡಿಸಿದರು. ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತು. ಆ ಮಹಿಳೆಯರು ಸಂಬಳ ಪಡೆಯುತ್ತಿದ್ದರು, ಅವರು ಮಾಡಿದ ಪರೀಕ್ಷೆಯ ಫಲಿತಾಂಶಗಳ ಮೇಲೆ ತಜ್ಞರ ಕಣ್ಣಿತ್ತು, ಅನುಮಾನ ಬಂದವರನ್ನು ಮುಂದೆ ಕಳಿಸಲು ಆಸ್ಪತ್ರೆಯಿತ್ತು. ಈ ಮೂರನ್ನು ಬಿಟ್ಟು ಆಮ್ಲದ ಸೀಸೆಯನ್ನಷ್ಟೇ ಹಿಡಿದು ಹೊರಟರೆ ಆ ಫಲಿತಾಂಶ ಬರುವುದಿಲ್ಲ. ಮುಟ್ಟು ನಿಂತವರಲ್ಲಿ ಈ ಪರೀಕ್ಷೆ ನೆಚ್ಚಿಕೊಳ್ಳುವಂಥದ್ದೂ ಅಲ್ಲ, ಏಕೆಂದರೆ ನೋಡಬೇಕಾದ ಭಾಗ ಒಳಕ್ಕೆ ಸರಿದಿರುತ್ತದೆ. ಈಗ ವಿಶ್ವ ಆರೋಗ್ಯ ಸಂಸ್ಥೆ ಮುಂದಿಡುತ್ತಿರುವುದು, ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆಯನ್ನು. 30 ವರ್ಷದಿಂದ ಶುರುಮಾಡಿ 5ರಿಂದ 10 ವರ್ಷಕ್ಕೊಮ್ಮೆ ಸಾಕು, ಮಾದರಿಯನ್ನು ಹೆಂಗಸರು ತಾವೇ ಒಂದು ಸಣ್ಣ ಬ್ರಷ್‌ನಿಂದ ತೆಗೆದು ಕೊಡಬಹುದು. ಪರೀಕ್ಷೆಯ ಮೇಜು ಹತ್ತಲು ಸಂಕೋಚಪಡುವವರಿಗೆ ಇದೊಂದು ದೊಡ್ಡ ಬಿಡುಗಡೆ. ಸ್ವಯಂಸೇವಕಿ ಕಿಟ್ ಕೊಟ್ಟು, ಹೇಗೆಂದು ಗೊಂಬೆಯ ಮೇಲೆ ತೋರಿಸಿ, ಹೊರಗೆ ನಿಂತರೆ ಸಾಕು.

ಮೂವತ್ತು ದಿನ, ಮೂವತ್ತು ಸಲ

ಕರೆಂಟ್ ಕೊಡುವುದು ಎಂದು ಜನ ಹೇಳುವ ರೇಡಿಯೇಷನ್ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಕೊಡುತ್ತಾರೆ. ಸ್ತನಕ್ಕೆ ಈಗ ಎಷ್ಟೋ ಕಡೆ 3 ವಾರದಲ್ಲೇ ಮುಗಿಯುತ್ತದೆ, ಬಾಯಿ ಗಂಟಲಿನದ್ದಕ್ಕೆ 6ರಿಂದ 7 ವಾರ. ಯಂತ್ರದ ಕೆಳಗೆ ಮಲಗುವುದು ಹತ್ತು ಹದಿನೈದು ನಿಮಿಷ. ಅಷ್ಟಕ್ಕಾಗಿ ಎರಡು ಮೂರು ಗಂಟೆಯ ದಾರಿ ಹೋಗಿಬರಬೇಕು, ದಿನವೂ. ನಡುವೆ ಬಿಟ್ಟರೆ, ಸಾಯದೆ ಉಳಿದ ಗಡ್ಡೆಯ ಕಣಗಳು ಮತ್ತೆ ಬೆಳೆಯಲು ತೊಡಗುತ್ತವೆ. ಅದರಲ್ಲೂ ಮೂರು ನಾಲ್ಕು ವಾರದ ನಂತರ ಅವುಗಳ ಬೆಳವಣಿಗೆಯ ವೇಗ ಹೆಚ್ಚುತ್ತದೆ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಹೊರಗಿನ ರೇಡಿಯೇಷನ್, ಒಳಗಿನ ರೇಡಿಯೇಷನ್ ಎರಡೂ ಸೇರಿ 8 ವಾರದೊಳಗೆ ಮುಗಿಯಬೇಕೆನ್ನುವುದು ಇದೇ ಕಾರಣಕ್ಕೆ.

ಹಾಗಾಗಿ ಒಂದು ಗುಂಪು ಒಂದೇ ಕೆಲಸ ಮಾಡಬಲ್ಲದಾದರೆ ಗಾಡಿಯ ವ್ಯವಸ್ಥೆ ಮಾಡಲಿ ಎನ್ನುತ್ತೇನೆ. ಲೆಕ್ಕ ಹೀಗೆ: 6 ವಾರವೆಂದರೆ 30 ದಿನ. ವಾರಕ್ಕೆ ಒಂದು ದಿನ ಕೊಡುವ ಒಬ್ಬ ಚಾಲಕ 6 ದಿನ ತುಂಬುತ್ತಾನೆ. ಅಂದರೆ ಒಂದು ಗಾಡಿ ಓಡಲು ಐದು ಜನ, ಮೇಲೆ ಇಬ್ಬರು ಬದಲಿ. ಅದೇ ದಾರಿಯ ಮೂವರು ರೋಗಿಗಳಿಗೆ ಹತ್ತಿರ ಹತ್ತಿರದ ಸಮಯ ಕೊಡಿಸಿಕೊಂಡರೆ ಇದೇ ಏಳು ಜನ ಮೂವರನ್ನೂ ನೋಡಿಕೊಳ್ಳುತ್ತಾರೆ. ಸಮಯ ಕೊಡಿಸುವುದೆಂದರೆ ರೇಡಿಯೇಷನ್ ವಿಭಾಗದಲ್ಲಿ ಪಟ್ಟಿ ಬರೆಯುವ ತಂತ್ರಜ್ಞರನ್ನು ಮೊದಲ ವಾರವೇ ಹೋಗಿ ಕಾಣುವುದು. ಎರಡನೇ ವಾರಕ್ಕೆ ಪಟ್ಟಿ ಗಟ್ಟಿಯಾಗಿರುತ್ತದೆ.

ಗಾಡಿಯಲ್ಲಿ ಇರಬೇಕಾದದ್ದು: ಮುಚ್ಚಳವಿರುವ ವಾಂತಿ ಡಬ್ಬಿ, ನೀರು, ಒದ್ದೆ ಬಟ್ಟೆ, ಒಂದು ಮೆತ್ತನೆ ದಿಂಬು. ಇರಬಾರದ್ದು: ಸುಗಂಧ. ಅಗರಬತ್ತಿ, ಕಾರ್ ಪರ್ಫ್ಯೂಮ್ ಯಾವುದೂ ಬೇಡ, ಕೀಮೋ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿ, ಜೊತೆಗೇ ನಡೆಯುತ್ತಿರುವವರಿಗೆ ಅದರಿಂದಲೇ ವಾಕರಿಕೆ ಕೆರಳುತ್ತದೆ. ಚರ್ಮದ ಮೇಲೆ ಹಾಕಿದ ಗುರುತಿನ ಗೆರೆಗಳನ್ನು ಉಜ್ಜಿ ತೊಳೆಯಬಾರದೆಂದು ಮನೆಯವರಿಗೂ ನೆನಪಿಸಬೇಕು.

ಜನ ಬಿಟ್ಟುಹೋಗುವುದು ಸಾಮಾನ್ಯವಾಗಿ ಮೂರನೇ ವಾರದಲ್ಲಿ. ಮೊದಲೆರಡು ವಾರ ಏನೂ ಅನಿಸುವುದಿಲ್ಲ. ಆಮೇಲೆ ಬಾಯಿ ಹುಣ್ಣಾಗುತ್ತದೆ, ನುಂಗಲಾಗುವುದಿಲ್ಲ, ಹೊಟ್ಟೆಯ ಭಾಗಕ್ಕಾದರೆ ಭೇದಿ, ಚರ್ಮ ಕಪ್ಪಾಗಿ ಉರಿ. "ಬಂದಾಗ ಚೆನ್ನಾಗಿದ್ದೆ, ಇಲ್ಲಿ ಬಂದ ಮೇಲೆ ಹಾಳಾದೆ" ಎನ್ನುವುದು ಆಗಲೇ. ಅದನ್ನು ಮೊದಲ ದಿನವೇ ಹೇಳಿಟ್ಟಿದ್ದರೆ ಆ ವಾರ ದಾಟುತ್ತಾರೆ. ಬಾಯಿಗೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಎರಡು ಮೂರು ಗಂಟೆಗೊಮ್ಮೆ ಮುಕ್ಕಳಿಸುವುದು ಎಲ್ಲ ಕಡೆ ಸಿಗುವ ಉಪಾಯ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಉರಿ ಹೆಚ್ಚುತ್ತದೆ. ತೂಕವನ್ನು ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಇಳಿಯುತ್ತಲೇ ಹೋದರೆ ಮೂಗಿನ ನಳಿಕೆ ಹಾಕಿಸುವ ಮಾತನ್ನು ವೈದ್ಯರೊಡನೆ ಬೇಗ ಎತ್ತಬಹುದು, ಪೂರ್ತಿ ಸೊರಗಿದ ಮೇಲಲ್ಲ.

ಜ್ವರದ ರಾತ್ರಿ

ಕೀಮೋ ಕೊಟ್ಟ ಸುಮಾರು 7ರಿಂದ 14 ದಿನದ ಹೊತ್ತಿಗೆ ಬಿಳಿ ರಕ್ತಕಣಗಳು ತಳ ಮುಟ್ಟಿರುತ್ತವೆ. ಆಗ ಬರುವ ಜ್ವರ ಸಾಮಾನ್ಯ ಜ್ವರವಲ್ಲ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು. ಆಸ್ಪತ್ರೆಗೆ ಮುಟ್ಟಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು. ಬೆಳಗಿನವರೆಗೆ ನೋಡೋಣವೆಂದು ಪ್ಯಾರಾಸಿಟಮಾಲ್ ನುಂಗಿ ಮಲಗುವುದೇ ಇಲ್ಲಿ ಜೀವ ತೆಗೆಯುವ ತಪ್ಪು. ಮಾತ್ರೆ ಕಾವನ್ನು ಮುಚ್ಚುತ್ತದೆ, ಸೋಂಕು ಒಳಗೆ ಹಬ್ಬುತ್ತಲೇ ಇರುತ್ತದೆ.

ಕೀಮೋ ಶುರುವಾಗುವ ಪ್ರತಿ ಮನೆಗೂ ಒಂದು ಡಿಜಿಟಲ್ ಥರ್ಮಾಮೀಟರ್ ಕೊಟ್ಟು, ನೋಡುವುದು ಹೇಗೆಂದು ಮನೆಯವರ ಕೈಯಲ್ಲೇ ಮಾಡಿಸಿ ಬರಬೇಕು. ಜೊತೆಗೊಂದು ಕಾರ್ಡು: ಔಷಧಿಗಳ ಹೆಸರು, ಕೊನೆಯ ಕೀಮೋ ತಾರೀಖು, ಆಸ್ಪತ್ರೆ ನಂಬರು, ಯಾವ ಔಷಧಿ ಒಗ್ಗುವುದಿಲ್ಲ, ರಾತ್ರಿ ಫೋನ್ ಎತ್ತುವ ಇಬ್ಬರ ಹೆಸರು. ಇಬ್ಬರು ಏಕೆಂದರೆ ಒಬ್ಬರ ಫೋನು ಸೈಲೆಂಟ್‌ನಲ್ಲಿ ಇರುವ ರಾತ್ರಿಯೇ ಜ್ವರ ಬರುತ್ತದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಬಾಯಿಂದ ಹೊರಡಬೇಕಾದ ಮೊದಲ ವಾಕ್ಯ "ಕೀಮೋ ನಡೀತಿದೆ, ಜ್ವರ ಬಂದಿದೆ" ಎಂದು. ಬರೀ ಜ್ವರವೆಂದರೆ ಸಾಲಿನಲ್ಲಿ ಕೂರಿಸುತ್ತಾರೆ. ಸ್ವಯಂಸೇವಕರಿಗೆ ನೆಗಡಿ ಕೆಮ್ಮು ಇದ್ದರೆ ಆ ವಾರ ಮನೆ ಭೇಟಿ ಬೇಡ, ಫೋನಿನಲ್ಲೇ ವಿಚಾರಿಸಲಿ. ಕೀಮೋ ಆದ ಎರಡು ದಿನ ರೋಗಿಯ ವಾಂತಿ, ಮೂತ್ರ ಬಳಿಯುವವರು ಕೈಗವಸು ಹಾಕಿಕೊಳ್ಳಬೇಕು, ಶೌಚಕ್ಕೆ ಮುಚ್ಚಳ ಮುಚ್ಚಿ ಎರಡು ಸಲ ನೀರು ಬಿಡಬೇಕು.

ರಕ್ತದ ವಿಷಯದಲ್ಲಿ ಒಂದೇ ಮಾತು. ವರ್ಷಕ್ಕೊಮ್ಮೆ ದೊಡ್ಡ ಶಿಬಿರ ಮಾಡಿ 300 ಯೂನಿಟ್ ಕೊಟ್ಟರೆ ಕ್ಯಾನ್ಸರ್ ವಾರ್ಡಿನ ಪ್ಲೇಟ್‌ಲೆಟ್ ಕೊರತೆ ನೀಗುವುದಿಲ್ಲ. ಪ್ಲೇಟ್‌ಲೆಟ್‌ಗಳನ್ನು 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಡಬೇಕು, ಸಾಮಾನ್ಯವಾಗಿ 5 ದಿನಕ್ಕೆ ಅವುಗಳ ಆಯುಸ್ಸು ಮುಗಿಯಿತು. ಬೇಕಾದ್ದು ವಾರವಾರವೂ ನಾಲ್ಕಾರು ಜನ. ಯಂತ್ರದ ಮೂಲಕ ಪ್ಲೇಟ್‌ಲೆಟ್ ಕೊಡಲು ಒಂದೂವರೆ ಎರಡು ಗಂಟೆ ಕೂರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ರಕ್ತದ ಗುಂಪು, ಕೊನೆಯ ಸಲ ಕೊಟ್ಟ ತಾರೀಖು ಬರೆದ ಐವತ್ತು ಜನರ ಪಟ್ಟಿ ರಕ್ತನಿಧಿಯವರ ಕೈಯಲ್ಲಿದ್ದರೆ ಸಾಕು. ಅಸ್ಥಿಮಜ್ಜೆ ಕಸಿಯ ಸಾಧ್ಯತೆ ಇರುವ ರೋಗಿಗೆ ಒಡಹುಟ್ಟಿದವರು, ತಂದೆ ತಾಯಿ ಮೊದಲೇ ರಕ್ತ ಕೊಡುವುದು ಬೇಡ. ಅವರದೇ ಮಜ್ಜೆಯನ್ನು ಮುಂದೆ ದೇಹ ತಿರಸ್ಕರಿಸುವ ಅಪಾಯವಿದೆ. ಪ್ರೀತಿಯಿಂದ ಮೊದಲು ಓಡಿಬರುವವರು ಅವರೇ ಆದ್ದರಿಂದ ಇದನ್ನು ಮುಂಚೆಯೇ ತಿಳಿಸಬೇಕು.

ಮಕ್ಕಳದ್ದು ಬೇರೆ ಲೆಕ್ಕ

ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ. 80ಕ್ಕಿಂತ ಹೆಚ್ಚು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಅನೇಕ ಕಡೆ ಶೇ. 30 ಕೂಡ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹಾಕಿಕೊಂಡ ಗುರಿ, 2030ರ ಹೊತ್ತಿಗೆ ಎಲ್ಲೆಡೆ ಕನಿಷ್ಠ ಶೇ. 60. ಈ ಅಂತರಕ್ಕೆ ಮುಖ್ಯ ಕಾರಣಗಳಲ್ಲೊಂದು ಚಿಕಿತ್ಸೆ ನಡುವೆ ಬಿಡುವುದು. ನಾಲ್ಕು ವಾರ ಒಂದೇ ಸಮನೆ ಬರದಿದ್ದರೆ ವೈದ್ಯರ ಭಾಷೆಯಲ್ಲಿ ಅದು ಚಿಕಿತ್ಸೆ ಕೈಬಿಟ್ಟಂತೆ.

ರಕ್ತದ ಕ್ಯಾನ್ಸರಿನ ಮಗು ಮೊದಲ ಒಂದು ತಿಂಗಳ ಔಷಧಿಗೇ ಚೇತರಿಸಿಕೊಳ್ಳುತ್ತದೆ. ಜ್ವರವಿಲ್ಲ, ಮೈಮೇಲಿನ ಕಲೆಗಳು ಹೋದವು, ಆಡುತ್ತಿದೆ, ನಗುತ್ತಿದೆ. ಚಿಕಿತ್ಸೆಯೋ ಎರಡರಿಂದ ಮೂರು ವರ್ಷದ್ದು. ಗುಣವಾದ ಹಾಗೆ ಕಾಣುವ ಮಗುವಿಗೆ ಮತ್ತೆ ವಾಂತಿ ಬರಿಸುವ ಔಷಧಿ ಕೊಡಿಸಲು ಕೆಲಸ ಬಿಟ್ಟು ಹೋಗಬೇಕೆಂದರೆ ಯಾವ ತಾಯಿತಂದೆಗೂ ಕಷ್ಟ. ಅವರನ್ನು ದೂರಬಾರದು. "ತಿಂಗಳಾದ ಮೇಲೆ ಪೂರ್ತಿ ಗುಣವಾದ ಹಾಗೆ ಕಾಣುತ್ತದೆ, ಆದರೂ ರೋಗ ಒಳಗೆ ಉಳಿದಿರುತ್ತದೆ" ಎಂಬ ಮಾತು ಮೊದಲ ವಾರವೇ, ಅದೇ ದಾರಿ ಮುಗಿಸಿ ಬಂದ ಇನ್ನೊಂದು ಮಗುವಿನ ತಾಯಿಯ ಬಾಯಿಂದ ಬಂದರೆ ನಿಲ್ಲುತ್ತದೆ. ಉಳಿದದ್ದು ಜಾಗದ ಪ್ರಶ್ನೆ: ಆಸ್ಪತ್ರೆಯ ಹತ್ತಿರ ತಿಂಗಳುಗಟ್ಟಲೆ ಇರಲು ಚೊಕ್ಕವಾದ ಕೋಣೆ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರು. ಈ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಮನೆಯಲ್ಲಿ ಬಿಟ್ಟುಬಂದ ಕೂಸಿಗೆ ಹುಷಾರಿಲ್ಲವೆಂಬ ಫೋನು ಬಂದರೆ ತಾಯಿ ಹೊರಟೇಬಿಡುತ್ತಾಳೆ.

ಸ್ವಯಂಸೇವಕರು ಏನು ಮಾಡಬಾರದು ಎಂಬುದೂ ತರಬೇತಿಯ ಭಾಗವೇ. ಎಷ್ಟು ದಿನ ಬದುಕುತ್ತಾರೆಂದು ಅಂದಾಜು ಹೇಳುವಂತಿಲ್ಲ. ಔಷಧಿಯ ಪ್ರಮಾಣ ಬದಲಿಸುವಂತಿಲ್ಲ. ಎಲ್ಲೋ ಕೇಳಿದ ಬೇರು, ಕಷಾಯ ಸೂಚಿಸುವಂತಿಲ್ಲ. ಹಣ ಸಂಗ್ರಹಿಸಿದರೆ ಅದು ಆಸ್ಪತ್ರೆಯ ಖಾತೆಗೇ ಹೋಗಲಿ, ಯಾರ ಜೇಬಿಗೂ ಬೇಡ, ಲೆಕ್ಕಕ್ಕೆ ಇಬ್ಬರ ಸಹಿಯಿರಲಿ. ರೋಗಿಯ ಫೋಟೋ ಎಲ್ಲೂ ಹಾಕಬಾರದು. ಬೋಳು ತಲೆಯ ಮಗುವಿನ ಚಿತ್ರದಿಂದ ದೇಣಿಗೆ ಬರುತ್ತದೆ, ನಿಜ. ಆ ಮಗು ಗುಣವಾಗಿ ಶಾಲೆಗೆ ಹೋದಾಗ ಆ ಚಿತ್ರವೂ ಜೊತೆಗೆ ಹೋಗುತ್ತದೆ.

ಗುಣವಾಗದಿದ್ದಾಗ

ಆಸ್ಪತ್ರೆ "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದ ದಿನ ಸಮುದಾಯದ ಕೆಲಸ ದುಪ್ಪಟ್ಟಾಗುತ್ತದೆ. ಇದನ್ನು ಲೋಕಕ್ಕೆ ಮಾಡಿ ತೋರಿಸಿದ್ದು ಕೇರಳ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಶುರುಮಾಡಿದ ನೋವು ನಿವಾರಣೆಯ ಕೆಲಸ ಮುಂದೆ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ವಾರಕ್ಕೆ ಕನಿಷ್ಠ 2 ಗಂಟೆ ಕೊಡುವವರನ್ನು ಸೇರಿಸಿಕೊಂಡು, 16 ಗಂಟೆಯ ಪಾಠ, ನರ್ಸ್ ಜೊತೆ 4 ದಿನದ ಮನೆ ಭೇಟಿ, ಆಮೇಲೆ 10ರಿಂದ 15 ಜನರ ತಂಡ. ವೈದ್ಯರು, ನರ್ಸುಗಳು ಬೆನ್ನಿಗಿರುತ್ತಾರೆ, ಮನೆಬಾಗಿಲಿಗೆ ಹೋಗುವವರು ನೆರೆಯವರು. 2008ರಲ್ಲಿ ಆ ರಾಜ್ಯ ಇದಕ್ಕಾಗಿ ಒಂದು ನೀತಿಯನ್ನೇ ತಂದಿತು.

ಮನೆ ಭೇಟಿಗೆ ಇಬ್ಬರು ಹೋಗಬೇಕು. ಒಬ್ಬರು ರೋಗಿಯ ಹತ್ತಿರ ಕೂತರೆ ಇನ್ನೊಬ್ಬರು ಅಡುಗೆಮನೆಯಲ್ಲಿ ನಿಂತ ಹೆಂಡತಿಯ ಹತ್ತಿರ. ಅವರು ರೋಗಿಯ ಎದುರು ಹೇಳಲಾಗದ್ದನ್ನು ಅಲ್ಲಿ ಹೇಳುತ್ತಾರೆ. ನೋವನ್ನು 0ಯಿಂದ 10ರ ಅಂಕದಲ್ಲಿ ಕೇಳಿ, ಗಂಟೆಯೊಡನೆ ನೋಟ್‌ಬುಕ್‌ನಲ್ಲಿ ಬರೆಯುವುದನ್ನು ಮನೆಯವರಿಗೆ ಕಲಿಸಬೇಕು. ನರ್ಸ್ ಬಂದಾಗ "ಸ್ವಲ್ಪ ನೋವಿದೆ" ಎಂಬ ಮಾತಿಗಿಂತ "ಬೆಳಗಿನ ಜಾವ ನಾಲ್ಕಕ್ಕೆ 8" ಎಂಬ ಸಾಲು ಉಪಯೋಗಕ್ಕೆ ಬರುತ್ತದೆ.

ತೀವ್ರ ನೋವಿಗೆಂದು ಬಾಯಲ್ಲಿ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಆದ್ದರಿಂದ ಅದನ್ನು ಗಡಿಯಾರ ನೋಡಿ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು. ಮನೆಯವರು ಮಾಡುವ ತಪ್ಪು ಇದೇ: ಚಟ ಹತ್ತೀತೆಂಬ ಭಯದಿಂದ ತಡೆಯಲಾಗದಷ್ಟು ನೋವು ಬಂದಾಗ ಮಾತ್ರ ಕೊಡುತ್ತಾರೆ. ಆಗ ಅದೇ ಮಾತ್ರೆ ಸಾಲುವುದಿಲ್ಲ. ಮೊದಲ ಎರಡು ಮೂರು ದಿನ ಮಂಪರು ಬರುತ್ತದೆ, ಹೋಗುತ್ತದೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ, ಅದಕ್ಕೆ ವೈದ್ಯರು ಬರೆದ ಔಷಧಿಯನ್ನು ಮೊದಲ ದಿನದಿಂದಲೇ ಕೊಡಬೇಕು. ಎಷ್ಟೋ ಮಂದಿ ಮಾರ್ಫಿನ್ ನಿಲ್ಲಿಸುವುದು ಇದೊಂದೇ ಕಾರಣಕ್ಕೆ. ಒಮ್ಮೆಗೇ ನಿಲ್ಲಿಸುವುದೂ ಅಪಾಯ.

ಇನ್ನು ಗಾಯ. ಹೊರಕ್ಕೆ ಒಡೆದ ಗಡ್ಡೆಯ ವಾಸನೆ ಇಡೀ ಮನೆಯನ್ನು ಒಡೆಯುತ್ತದೆ. ರೋಗಿಯ ಕೋಣೆಯ ಬಾಗಿಲು ಮುಚ್ಚುತ್ತದೆ, ಊಟ ಹೊಸ್ತಿಲಿಗೆ ಬರುತ್ತದೆ, ಮೊಮ್ಮಕ್ಕಳನ್ನು ದೂರ ಇಡುತ್ತಾರೆ. ವಾಸನೆಗೆ ಕಾರಣ ಗಾಯದ ಸತ್ತ ಅಂಗಾಂಶದಲ್ಲಿ ಬೆಳೆಯುವ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ, ಆ ನೀರಿನಿಂದ ಹಳೆಯ ಪಟ್ಟಿಯನ್ನು ಚೆನ್ನಾಗಿ ನೆನೆಸಿ, ತಾನಾಗಿ ಬಿಟ್ಟುಕೊಂಡ ಮೇಲೆ ತೆಗೆಯಬೇಕು. ಒಣಗಿದ್ದನ್ನು ಕಿತ್ತರೆ ರಕ್ತ ಸುರಿಯುತ್ತದೆ. ತೊಳೆದ ಮೇಲೆ ವೈದ್ಯರ ಸಲಹೆಯಂತೆ, ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಉದುರಿಸಿ, ಅಂಟದ ಬಟ್ಟೆ ಮುಚ್ಚಬೇಕು. ಕೆಲವೇ ದಿನದಲ್ಲಿ ವಾಸನೆ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ. ಗಡ್ಡೆ ಹಾಗೇ ಇದೆ, ಆಯುಸ್ಸು ಒಂದು ದಿನವೂ ಹೆಚ್ಚಿಲ್ಲ. ಆದರೆ ಮೊಮ್ಮಗಳು ಹಾಸಿಗೆಯ ಅಂಚಿನಲ್ಲಿ ಕೂತು ಪುಸ್ತಕ ಓದುತ್ತಾಳೆ. ಔಷಧಿಯ ಶಕ್ತಿ ಏನೆಂದು ಆ ಕೋಣೆಯಲ್ಲಿ ನಿಂತವರಿಗೆ ತಿಳಿಯುತ್ತದೆ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟ, ಹಿಮ್ಮಡಿ, ಭುಜದ ಮೂಳೆಯ ಮೇಲೆ ಚರ್ಮ ಕೆಂಪಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಮಾಸದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಇರಬಹುದು, ಆಗ ಬಿಸಿಯನ್ನೂ ಗಡಸುತನವನ್ನೂ ಮುಟ್ಟಿ ನೋಡಬೇಕು. ಅಲ್ಲಿ ತಿಕ್ಕಬಾರದು.

ಒಂದು ಜೋಡಿಗೆ ಒಂದೇ ಹೊತ್ತಿಗೆ ಮೂರು ನಾಲ್ಕು ಮನೆಗಿಂತ ಹೆಚ್ಚು ಕೊಡಬಾರದು. ಹದಿನೈದು ದಿನಕ್ಕೊಮ್ಮೆ ಎಲ್ಲರೂ ಕೂತು ಮಾತಾಡಬೇಕು, ಅಳುವವರಿಗೆ ಅಳಲು ಬಿಡಬೇಕು. ಒಳ್ಳೆಯ ಸ್ವಯಂಸೇವಕರನ್ನು ಕಳೆದುಕೊಳ್ಳುವುದು ಅವರು ಸೋಮಾರಿಗಳಾದ್ದರಿಂದಲ್ಲ. ಮೂರು ಸಾವು ಒಂದರ ಮೇಲೊಂದು ಬಂದು, ಯಾರೂ ಕೇಳದೆ ಹೋದದ್ದರಿಂದ.

ಸಾವಿನ ನಂತರವೂ ಆ ಪುಟ ಮುಚ್ಚುವುದಿಲ್ಲ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಎಣಿಸಿ, ಕೊಟ್ಟ ಕ್ಲಿನಿಕ್ಕಿಗೆ ವಾಪಸ್ ಮಾಡಿ ರಸೀದಿ ಪಡೆಯಬೇಕು. ಎರಡು ವಾರ ಬಿಟ್ಟು, ನೆಂಟರೆಲ್ಲ ಹೊರಟುಹೋದ ಮೇಲೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ವರ್ಷ ತುಂಬುವ ವಾರ ಇನ್ನೊಮ್ಮೆ ಆ ಮನೆಗೆ ಹೋಗಿಬರಬೇಕು. ಈ ಮೂರು ತಾರೀಖುಗಳನ್ನು ಅದೇ ನಾಲ್ಕು ಕಾಲಂನಲ್ಲಿ ಈಗಲೇ ಬರೆದಿಡಿ. ಸಂಸಾರದವರು ತಾವೂ ಈ ಕೆಲಸಕ್ಕೆ ಬರುತ್ತೇವೆ ಎಂದರೆ ಸಂತೋಷ, ಆದರೆ ಒಂದು ವರ್ಷ ಕಳೆಯಲಿ. ಹಾಸಿಗೆ ಹುಣ್ಣಾಗದಿರಲೆಂದು ಆ ಮನೆಗೆ ಕೊಟ್ಟಿದ್ದ ಗಾಳಿ ಹಾಸಿಗೆಯನ್ನು ತಂದು, ಸೋಪು ನೀರಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ರಾತ್ರಿಯಿಡೀ ಗಾಳಿ ತುಂಬಿಟ್ಟು ಸೋರುತ್ತದೆಯೇ ನೋಡಿ, ಬೆಳಿಗ್ಗೆ ಮುಂದಿನ ಹೆಸರಿನ ಪುಟದಲ್ಲಿ ಬರೆದುಕೊಳ್ಳಬೇಕು.